ಪಾಯಸದ ನುಡಿ

ವಜ್ರಳ್ಳಿಯ ಕಮಲಾಕರ ಭಟ್ಟ ಸಾರಿಗೆ ಒಗ್ಗರಣೆ ಹಾಕಿದರೆ ಯಲ್ಲಾಪುರದ ಹೆದ್ದಾರಿಯಲ್ಲಿ ಅಂಕೋಲೆಗೆ ಹೊರಟ ಲಾರಿಗಳು ಬ್ರೇಕ್ ಹಾಕುತ್ತಿದ್ದವು. ಡ್ರೈವರುಗಳು ಇಳಿದು, ಗಾಳಿ ಮೂಸಿ, ಇಂಗು ಯಾವ ದಿಕ್ಕಿನಿಂದ ಬಂತೆಂದು ವಿಚಾರಿಸಿ, ಹಸಿದ ಹೊಟ್ಟೆಯಲ್ಲೇ ಮತ್ತೆ ಹತ್ತುತ್ತಿದ್ದರು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಲಾರಿಗಳು ನಿಲ್ಲುವ ಜಾಗದಲ್ಲಿ ಒಂದು ಚಹಾದಂಗಡಿಯೂ ಇತ್ತು ಎನ್ನುವುದು ಬೇರೆ ಮಾತು.

ಮದುವೆ ಮನೆಗಳ ಅಡಿಗೆಯಲ್ಲೇ ತಲೆ ಹಣ್ಣಾದ ಈ ಕಮಲಾಕರನಿಗೆ ಜಂಬ ಪಡಲು ನೂರು ಸಂಗತಿಗಳಿದ್ದವು. ಹೇರೂರಿನ ಮದುವೆಯೊಂದರಲ್ಲಿ ಅವನು ಹೋಳಿಗೆ ಎಷ್ಟು ತೆಳ್ಳಗೆ ಲಟ್ಟಿಸಿದ್ದನೆಂದರೆ ಬೀಗರು ಅದರ ಮೂಲಕ ಪಂಚಾಂಗ ಓದಿದರಂತೆ. ಶಿರಸಿಯಲ್ಲಿ ಅವನ ಮಾವಿನಕಾಯಿಯ ಅಪ್ಪೆಹುಳಿ ಕುಡಿದ ಒಬ್ಬ ಮುದುಕ ಬಿಟ್ಟ ಕೊನೆಯುಸಿರನ್ನು ಮತ್ತೆ ಎಳೆದುಕೊಂಡನಂತೆ. ಆದರೆ ಎಲ್ಲಕ್ಕಿಂತ ದೊಡ್ಡ ಜಂಬ ಪಾಯಸದ್ದು.

ನಮ್ಮ ಕಡೆಯ ಮದುವೆಯಲ್ಲಿ ಒಂದು ಕ್ರಮ ಉಂಟು. ಒಳಗೆ ಹೆಂಗಸರು ಮದುಮಕ್ಕಳಿಗೆ ಆರತಿ ಎತ್ತಿ ಹಾಡು ಹೇಳುತ್ತಾರೆ. ಹೊರಗೆ ಪಂಕ್ತಿಯಲ್ಲಿ ಎಲೆ ಹಾಕಿರುತ್ತದೆ. ಹಾಡು ಮುಗಿದು, ಹಾಡಿದವರು ದೀಪಕ್ಕೆ ಕೈ ಮುಗಿದ ಮೇಲೆಯೇ ಎಲೆಯ ತುದಿಗೆ ಪಾಯಸ ಬೀಳಬೇಕು. ಮೊದಲೇ ಬಿದ್ದರೆ ಅವಸರಗೇಡಿಗಳ ಮನೆ, ತಡವಾದರೆ ದರಿದ್ರದ ಮನೆ ಎಂದು ಬೀಗರು ಏಳು ತಲೆಮಾರು ಆಡಿಕೊಳ್ಳುತ್ತಾರೆ. ಕಮಲಾಕರನ ಪಾಯಸ ಒಂದು ದಿನವೂ ತಡವಾಗಿರಲಿಲ್ಲ. ಸೂರ್ಯ ತಡವಾದದ್ದುಂಟು, ಯಲ್ಲಾಪುರದ ಬಸ್ಸಿನ ಸುದ್ದಿ ಬೇಡವೇ ಬೇಡ, ಆದರೆ ಹಾಡು ಮುಗಿಯುವುದಕ್ಕೂ ಅವನ ಸೌಟು ಮೇಲೇಳುವುದಕ್ಕೂ ನಡುವೆ ಒಂದು ಸೊಳ್ಳೆ ತೂರುವಷ್ಟು ಜಾಗ ಇರುತ್ತಿರಲಿಲ್ಲ.

ಹಾಡುವವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿ ಸೀತಮ್ಮ. ಜೊತೆಗೆ ಪಕ್ಕದ ಮನೆಯ ವೆಂಕಮ್ಮ. ಸೀತಮ್ಮ ಹಾಡಿನ ಒಂದೊಂದು ನುಡಿ ಎತ್ತುವಳು, ವೆಂಕಮ್ಮ ಹಿಡಿಯುವಳು. ಅವರಿಬ್ಬರು ದನಿ ಕೂಡಿಸಿದರೆ ಬೇಡ್ತಿ ಹೊಳೆ ಹರಿಯುವುದನ್ನು ಬಿಟ್ಟು ದಡಕ್ಕೆ ಕಿವಿ ಹಚ್ಚಿ ನಿಲ್ಲುತ್ತದೆ ಎಂದು ಕಮಲಾಕರ ಮೂರು ತಾಲೂಕು ಹೇಳಿಕೊಂಡು ತಿರುಗಿದ. ಹೊಳೆ ಕೇಳಿತ್ತೋ ಇಲ್ಲವೋ, ಅವನಂತೂ ಕೇಳಿರಲಿಲ್ಲ. ಆರತಿ ಹಾಡಿನ ಮೊದಲ ಸಾಲು ಕಿವಿಗೆ ಬಿದ್ದ ಕೂಡಲೇ ಅವನಿಗೆ ಸೊಂಟಕ್ಕೆ ಪಂಚೆ ಬಿಗಿದು ಕೊಪ್ಪರಿಗೆಯ ಕಡೆ ಓಡುವ ಹೊತ್ತು. ಅಲ್ಲಿಂದ ಮುಂದೆ ಸಟ್ಟುಗದ ಸದ್ದು, ಬೆಂಕಿಯ ಸದ್ದು, ಅವನದೇ ಬಾಯಿಯ ಸದ್ದು. ಸಾವಿರ ಹಾಡುಗಳ ಮೊದಲ ಸಾಲು ಅವನಿಗೆ ಬಾಯಿಪಾಠ. ಕೊನೆಯ ಸಾಲು ಒಂದೂ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಸೀತಮ್ಮನ ಗಂಟಲಲ್ಲಿ ಗಂಟು ಕಂಡಿತು. ಹುಬ್ಬಳ್ಳಿಯಲ್ಲಿ ಕತ್ತರಿಸಿ ತೆಗೆದರು. ಜೀವಕ್ಕೆ ಭಯವಿಲ್ಲ, ದನಿ ಉಳಿಯುವುದು ಕಷ್ಟ ಎಂದು ಮೊದಲೇ ಹೇಳಿದ್ದರು. ಹಾಗೇ ಆಯಿತು. ಈಗ ಅವಳ ಬಾಯಿಂದ ಬರುವುದು ಊದುಗೊಳವೆಯಲ್ಲಿ ಹಾಯ್ದಂಥ ಗಾಳಿಮಾತು. ಹತ್ತಿರ ಹೋಗಿ ಕಿವಿ ಕೊಟ್ಟರೆ ಅರ್ಥವಾಗುತ್ತದೆ, ದೂರ ನಿಂತರೆ ಇಲ್ಲ.

ಅಂದಿನಿಂದ ಕಮಲಾಕರ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ತಾನೇ ಆಡತೊಡಗಿದ. ಅವಳಿಗೆ ಪ್ರಶ್ನೆ ಕೇಳುವುದು, ಉತ್ತರ ತಾನೇ ಹೇಳುವುದು. ಸಾಲದೆ, ಅವಳ ಪರವಾಗಿ ತನ್ನನ್ನು ತಾನೇ ಬೈದುಕೊಳ್ಳುವುದೂ ಉಂಟು. ಬೈಗುಳ ಅವಳು ಬೈಯುತ್ತಿದ್ದಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ. ಊರಿನವರು ಅವಳ ಹಾಡು ಹೋಯಿತೆಂದು ಮರುಗಿದರು. ಕಮಲಾಕರನಿಗೆ ಬೇಕಾಗಿದ್ದದ್ದು ಹಾಡಲ್ಲ. ಅವನು ಬೇಲಿಯ ದಣಪೆ ದಾಟಿ ಅಂಗಳಕ್ಕೆ ಬರುವಾಗ ಒಳಗಿನಿಂದ ‘ಕಾಲು ತೊಳ್ಕಂಡು ಬನ್ನಿ’ ಎಂದು ಕೇಳುತ್ತಿದ್ದ ಮಾತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಷ್ಟು ಹಿಗ್ಗಿಸಿದರೂ ದೊಡ್ಡದಾಗದ ಸಂಗತಿ ಅವನ ಬಾಳಿನಲ್ಲಿ ಅದೊಂದೇ.

ಹೀಗಿರುವಾಗ ಅವನ ಮೊಬೈಲಿಗೆ ಒಂದು ಸಂದೇಶ ಬಂತು. ಹೆಂಗಸರ ಹಾಡುಗಳನ್ನು ಕೂಡಿಡುವ ಬಳಗವೊಂದು ಹಿಂದೆ ರೆಕಾರ್ಡರು ಹಿಡಿದು ವಜ್ರಳ್ಳಿಗೆ ಬಂದಿತ್ತು. ಸೀತಮ್ಮ ವೆಂಕಮ್ಮ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಇಡೀ ದಿನ ಹಾಡಿಸಿತ್ತು. ಕಮಲಾಕರ ಅಂದು ಶಿರಸಿಯಲ್ಲಿ ಯಾರದೋ ಉಪನಯನಕ್ಕೆ ಸೌಟು ಹಿಡಿದಿದ್ದ. ಹಾಡುಗಳು ಬಳಗದ ವೆಬ್‌ಸೈಟಿಗೆ ಏರಿ, ಯಾವುದೋ ದೂರದ ಊರಿನ ಸರ್ವರಿನಲ್ಲಿ ಕುಳಿತವು. ವೆಂಕಮ್ಮ ಮೇಲಿನ ಲೋಕದ ಮದುವೆಗಳಿಗೆ ಹಾಡಲು ಹೋದಳು. ಹಾಡು ಅಲ್ಲೇ ಉಂಟಲ್ಲ ಎಂದು ಯಾರೂ ಕೇಳಲು ಹೋಗಿರಲಿಲ್ಲ. ಈಗ ಬಳಗದವರು ಬರೆದಿದ್ದರು, ತಿಂಗಳು ಮುಗಿದೊಡನೆ ವೆಬ್‌ಸೈಟು ಮುಚ್ಚುತ್ತದೆ, ಬೇಕಾದವರು ತಮ್ಮ ತಮ್ಮ ಹಾಡು ಇಳಿಸಿಕೊಳ್ಳಿ, ನಮ್ಮಲ್ಲಿ ಬೇರೆ ಪ್ರತಿ ಉಳಿದಿಲ್ಲ.

ಕಮಲಾಕರ ಸಂದೇಶ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ. ಆಮೇಲೆ ಒಲೆಯ ಮೇಲಿದ್ದ ಹಾಲನ್ನು ಹಾಗೇ ಬಿಟ್ಟು ಯಲ್ಲಾಪುರದ ಬಸ್ಸು ಹತ್ತಿದ. ಹಾಲು ಉಕ್ಕಿ ವಜ್ರಳ್ಳಿಯ ಹಳ್ಳಕ್ಕೆ ಸೇರಿತು ಎನ್ನುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ಸೀತಮ್ಮ ಇಳಿಸಿದಳು.

ಯಲ್ಲಾಪುರದಲ್ಲಿ ವಿಘ್ನೇಶ್ವರನ ಅಂಗಡಿ ಉಂಟು. ಇನ್ವರ್ಟರ್ ರಿಪೇರಿ, ಸಿಸಿ ಕ್ಯಾಮೆರಾ ಜೋಡಣೆ, ಪಹಣಿ ಪ್ರಿಂಟು, ಎಲ್ಲವೂ ಅಲ್ಲೇ. ನಾಲಿಗೆ ಹರಿತ, ಮನಸ್ಸು ಬೆಣ್ಣೆ. ಕಮಲಾಕರನನ್ನು ಭಾವ ಎಂದೇ ಕರೆಯುತ್ತಾನೆ, ನೆಂಟಸ್ತಿಕೆ ಏನೂ ಇಲ್ಲದಿದ್ದರೂ. ಅಂದು ಅವನು ಏಣಿ ಹತ್ತಿ ಎದುರಿನ ಬಟ್ಟೆ ಅಂಗಡಿಯ ಸೂರಿಗೆ ಕ್ಯಾಮೆರಾ ಕಟ್ಟುತ್ತಿದ್ದ. ಕಂಪ್ಯೂಟರಿನ ಮುಂದೆ ಕಮಲಾಕರನನ್ನು ಕೂರಿಸಿ, ಹಾಡಿನ ಹೆಸರಿನ ಮೇಲೆ ಒತ್ತು, ಇಳಿಯುತ್ತದೆ, ಕೆಳಗೆ ಸರಿ ಗುರುತು ಬಿದ್ದರೆ ಮುಂದಿನದನ್ನು ಒತ್ತು ಎಂದು ತೋರಿಸಿಕೊಟ್ಟು ಹೋದ.

ಕಮಲಾಕರ ಒತ್ತಿದ. ಬಾಲದ ಇಲಿಯಂಥ ಆ ಮೌಸನ್ನು ಅವನು ಹಿಟ್ಟು ನಾದುವಂತೆ ನಾದಿದ ಎಂದು ಅಂಗಡಿಗೆ ಬಂದವರು ಈಗಲೂ ನಗುತ್ತಾರೆ. ಒಂದೊಂದೇ ಹಾಡು ಇಳಿಯಿತು. ಒಂದೊಂದರ ಕೆಳಗೂ ಸರಿ ಗುರುತು ಬಿತ್ತು. ಎಲ್ಲ ಮುಗಿದ ಮೇಲೆ ಮೇಲಿನದೊಂದನ್ನು ತೆರೆದು ನೋಡಿದ. ಸೀತಮ್ಮನ ದನಿ ಅಂಗಡಿಯ ಮುರುಕು ಸ್ಪೀಕರಿನಿಂದ ಹೊರಬಿತ್ತು. ಅವನು ಮೊದಲ ಸಾಲು ಕೇಳುತ್ತಿದ್ದಂತೆ ಪಟ್ಟನೆ ನಿಲ್ಲಿಸಿದ. ಕಣ್ಣಿಗೆ ಏನೋ ಬಿತ್ತು. ಯಲ್ಲಾಪುರದಲ್ಲಿ ಧೂಳು ಬಹಳ.

ಏಣಿಯ ಮೇಲಿಂದ ವಿಘ್ನೇಶ್ವರ ಕೂಗಿ ಹೇಳಿದ, “ಭಾವಾ, ಸೈಜ್ ಒಂದ್ಸಲ ತಾಳೆ ನೋಡು. ಅಲ್ಲಿ ಎಷ್ಟು ಇದ್ದು, ಇಲ್ಲಿ ಎಷ್ಟು ಬಂಜು ಹೇಳಿ.”

“ಅನ್ನ ಬೆಂಜಾ ಹೇಳಿ ನೋಡಲೆ ಒಂದು ಅಗುಳು ಸಾಕು ತಮಾ,” ಎಂದ ಕಮಲಾಕರ. “ಇಡೀ ಕೊಪ್ಪರಿಗೆಗೆ ಕೈ ಹಾಕ್ತ್ವನ?”

ಪೆನ್‌ಡ್ರೈವನ್ನು ಜನಿವಾರಕ್ಕೆ ಕಟ್ಟಿಕೊಂಡು ಹೊರಟ. ವಾಪಸಿನ ಬಸ್ಸಿನಲ್ಲಿ ಅವನು ಸಮುದ್ರಕ್ಕೆ ಇಳಿದು ವೇದ ತಂದವನ ಹಾಗೆ ಕುಳಿತಿದ್ದ. ಕಂಡಕ್ಟರನಿಂದ ಹಿಡಿದು ಕೊನೆಯ ಸೀಟಿನ ಕೋಳಿಬುಟ್ಟಿಯವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿತು. ಸರ್ವರ್ ಎನ್ನುವುದು ಬೆಟ್ಟದಷ್ಟು ದೊಡ್ಡದೆಂದೂ, ಅದರ ಬಾಯಿಗೆ ತಾನು ಒಬ್ಬನೇ ಕೈ ಹಾಕಿ ಹೆಂಡತಿಯ ಹಾಡನ್ನೆಲ್ಲ ಎಳೆದು ತಂದೆನೆಂದೂ ಹೇಳಿದ. ಕೋಳಿಗಳೂ ಬಾಯಿ ಬಿಟ್ಟುಕೊಂಡು ಕೇಳಿದವು.

ಮನೆಯಲ್ಲಿ ಭಜನೆಗೆಂದು ತಂದಿಟ್ಟ ಒಂದು ಕಪ್ಪು ಸ್ಪೀಕರ್ ಪೆಟ್ಟಿಗೆ ಇತ್ತು. ಪೆನ್‌ಡ್ರೈವು ಸಿಕ್ಕಿಸಿದರೆ ಹಾಡು ಓಡುವಷ್ಟು ಹೊತ್ತೂ ಅದರ ಹಣೆಯ ಮೇಲೆ ಕೆಂಪು ಅಂಕಿಗಳು ಓಡುತ್ತವೆ. ಕಮಲಾಕರ ಅದನ್ನು ದೇವರ ಮುಂದೆ ಇಡುವಂತೆ ಇಟ್ಟ. ಸೀತಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಚಾಪೆಯ ಮೇಲೆ ಕುಳಿತಳು.

ಮೊದಲ ಹಾಡು ಎಣ್ಣೆ ಅರಿಶಿನದ್ದು. ಅವಳು ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು, ದನಿ ಪೆಟ್ಟಿಗೆಯಿಂದ ಬರುತ್ತಿತ್ತು. ನೋಡುವವರಿಗೆ ಅವಳೇ ಹಾಡುತ್ತಿದ್ದಾಳೆ ಎಂದೇ ತೋರಬೇಕು. ಹಾಡು ಮುಗಿಯಿತು. ಅವಳ ಎರಡೂ ಕೈ ತಾವಾಗಿ ಮೇಲೆದ್ದು, ಕೂಡಿ, ಕಣ್ಣಿಗೆ ತಾಗಿ ಇಳಿದವು. ಹಾಡು ಮುಗಿಸಿದವರು ದೀಪಕ್ಕೆ ಹಾಗೆ ಮುಗಿಯುತ್ತಾರೆ. ಕಮಲಾಕರ ಅದನ್ನು ನೋಡಿದ್ದು ಅದೇ ಮೊದಲು.

ಎರಡನೆಯದು ಹೂ ಮುಡಿಸುವ ಹಾಡು. ಚೆನ್ನಾಗಿಯೇ ಸಾಗಿತ್ತು. ಎಲ್ಲೋ ಒಂದು ಕಡೆ ನಿಂತಿತು. ಕಮಲಾಕರ ತೊಡೆ ತಟ್ಟಿ ಭೇಷ್ ಎಂದ. ನೋಡಿದರೆ ಸೀತಮ್ಮನ ಕೈಗಳು ಮೇಲೆದ್ದು ಹಾಗೇ ಗಾಳಿಯಲ್ಲಿ ನಿಂತಿದ್ದವು. ಕೂಡಲೂ ಇಲ್ಲ, ಇಳಿಯಲೂ ಇಲ್ಲ. ಯಾರೋ ಆರತಿ ತಟ್ಟೆ ಕೊಡುತ್ತೇನೆಂದು ಹೇಳಿ ಕೊಡದೆ ಹೋದ ಹಾಗೆ.

“ಮುಗದ್ದಿಲ್ಲೆ,” ಎಂದಳು ಗಾಳಿಮಾತಿನಲ್ಲಿ.

“ಎಂತ ಮುಗದ್ದಿಲ್ಲೆ? ನಿಂತು ಹೋತಲೇ.”

ಅವಳು ಗಂಡನ ಮುಖ ನೋಡಿದಳು. ಉಸಿರು ಕೂಡಿಸಿಕೊಂಡಳು. “ನಿಂತಿದ್ದೆಲ್ಲ ಮುಗದ್ದಲ್ಲ. ನೀವು ಯಾವತ್ತಾದ್ರೂ ಕೊನೆತನಕ ಕೇಳಿದ್ರಾ?”

ಕಮಲಾಕರ ಬೇಗ ಬೇಗ ಮುಂದಿನ ಹಾಡಿನ ಗುಂಡಿ ಒತ್ತಿದ. ಮೂರನೆಯ ಹಾಡು ಇನ್ನೂ ಬೇಗ ಸತ್ತಿತು. ನಾಲ್ಕನೆಯದಕ್ಕೆ ಪೆಟ್ಟಿಗೆ ಬಾಯಿಯನ್ನೇ ಬಿಡಲಿಲ್ಲ, ಹೆಸರಷ್ಟೇ ಇತ್ತು. ಕೆಲವು ಪೂರ್ತಿ ಇದ್ದವು. ಕೆಲವು ಮುಕ್ಕಾಲು. ಆರತಿ ಹಾಡು, ಅವರಿಬ್ಬರ ಹೆಸರು ಮೂರು ತಾಲೂಕಿಗೆ ಹಬ್ಬಿಸಿದ ಹಾಡು, ಎರಡು ನುಡಿಗೇ ಕಡಿದುಹೋಗಿತ್ತು. ಪ್ರತಿಯೊಂದರ ಕೊನೆಗೂ ಅವನು ಪೆಟ್ಟಿಗೆ ನೋಡುವುದನ್ನು ಬಿಟ್ಟು ಹೆಂಡತಿಯ ಕೈ ನೋಡತೊಡಗಿದ. ಕೂಡಿದರೆ ಬದುಕಿತು. ನಿಂತರೆ ಹೋಯಿತು.

ಮರುದಿನ ಬಸ್ಸಿನಲ್ಲಿ ಅವನು ಯಾರೊಂದಿಗೂ ಮಾತಾಡಲಿಲ್ಲ. ಕಂಡಕ್ಟರು ಹುಷಾರಿಲ್ಲವೇ ಎಂದು ಕೇಳಿದ.

ವಿಘ್ನೇಶ್ವರ ಬಯ್ಯುವುದಕ್ಕೆ ಸಿಕ್ಕ ಅವಕಾಶವನ್ನು ಹಾಳು ಮಾಡುವ ಆಸಾಮಿಯಲ್ಲ. ಅನ್ನಕ್ಕೆ ಒಂದು ಅಗುಳು ಸರಿ ಭಾವ, ಹೋಳಿಗೆಗೆ ಒಂದು ಹೋಳಿಗೆ ಸಾಕಾ, ಒಂದೊಂದನ್ನೂ ಮಗುಚಿ ನೋಡುವುದಿಲ್ಲವಾ ಎಂದು ಅಡಿಗೆಯವನಿಗೆ ಅಡಿಗೆಯ ಭಾಷೆಯಲ್ಲೇ ಬಡಿಸಿದ. ಆಮೇಲೆ ಕುರ್ಚಿ ಎಳೆದು ಕೂರಿಸಿ ತಿಳಿಹೇಳಿದ. ಈ ಸರ್ವರು ಹಳೆಯದು. ನಡುವೆ ಕೈ ಬಿಟ್ಟರೆ ನಮ್ಮ ಕಂಪ್ಯೂಟರು ಬಡಿಸುವವನು ಹೋದ, ಊಟ ಮುಗಿಯಿತು ಎಂದು ತಿಳಿದು ಸರಿ ಗುರುತು ಹಾಕಿಬಿಡುತ್ತದೆ. ಗುರುತಿನ ಅರ್ಥ ಬರುವುದು ನಿಂತಿತು ಎಂದಷ್ಟೇ, ಎಲ್ಲ ಬಂತು ಎಂದಲ್ಲ. ಅದಕ್ಕೇ ವೆಬ್‌ಸೈಟಿನಲ್ಲಿ ಪ್ರತಿ ಹಾಡಿನ ಎದುರು ಅದರ ಗಾತ್ರ ಬರೆದಿರುತ್ತಾರೆ. ಅಲ್ಲಿನ ಅಂಕಿ, ಇಲ್ಲಿನ ಅಂಕಿ, ಕೊನೆಯ ಅಂಕಿಯವರೆಗೂ ಕೂಡಬೇಕು. ಬಾಯಿ ಬಿಡದ ನಾಲ್ಕನೆಯದನ್ನು ತೆರೆದು ತೋರಿಸಿದ. ಅದರೊಳಗೆ ಹಾಡೇ ಇರಲಿಲ್ಲ. ಸರ್ವರಿಗೆ ಈಗ ಬಿಡುವಿಲ್ಲ, ಆಮೇಲೆ ಬನ್ನಿ ಎಂಬ ಒಂದು ಪುಟ, ಹಾಡಿನ ಹೆಸರು ಹೊತ್ತು ಬಂದು ಕುಳಿತಿತ್ತು.

“ಇದು ಹಾಡಲ್ಲ ಭಾವ, ಬಾಗಿಲು ಹಾಕ್ಕಂಡು ಅಂಟಿಸಿಟ್ಟ ಚೀಟಿ,” ಎಂದ ವಿಘ್ನೇಶ್ವರ.

ಅಂದು ಅವರಿಬ್ಬರೂ ಒಟ್ಟಿಗೆ ಕುಳಿತರು. ಒಬ್ಬ ಅಲ್ಲಿಯ ಅಂಕಿ ಓದುವುದು, ಇನ್ನೊಬ್ಬ ಇಲ್ಲಿಯ ಅಂಕಿ ಓದುವುದು. ನೂರು ಜನಕ್ಕೆ ಅಡಿಗೆ ಮಾಡಿ ಸಾವಿರ ಎನ್ನುವವನು, ಮೊಳದುದ್ದದ ಹಾವನ್ನು ಬಾವಿಯ ಹಗ್ಗಕ್ಕೆ ಹೋಲಿಸುವವನು, ಆ ಕಮಲಾಕರ ಅಂಕಿಯ ಮೇಲೆ ಬೆರಳಿಟ್ಟು ಓದಿದ. ಕೂಡದಿದ್ದರೆ ಅಳಿಸಿ ಮತ್ತೆ ಮೊದಲಿನಿಂದ. ಸಂಜೆಯ ಹೊತ್ತಿಗೆ ಎಲ್ಲ ಕೂಡಿದವು, ಒಂದು ಬಿಟ್ಟು. ಆರತಿ ಹಾಡು ಎಲ್ಲಕ್ಕಿಂತ ದೊಡ್ಡದು. ಪ್ರತಿ ಸಲವೂ ಕೊನೆಯ ಚೂರಿಗೆ ಬಂದು ಕಡಿಯುತ್ತಿತ್ತು. ಕೊನೆಯ ಬಸ್ಸಿನ ಹೊತ್ತಾಗಿತ್ತು. ಬಂದಷ್ಟನ್ನು ಕಟ್ಟಿಕೊಂಡು ಮನೆಗೆ ಹೋದ.

ಸೀತಮ್ಮ ಎಲ್ಲ ಹಾಡಿಗೂ ಕೈ ಮುಗಿದಳು. ಹೂವಿನ ಹಾಡಿಗೆ ಮುಗಿದಳು, ಕಳಸದ ಹಾಡಿಗೆ ಮುಗಿದಳು, ವೆಂಕಮ್ಮ ನಡುವೆ ಕೆಮ್ಮಿದ ಕಡೆ ಸದ್ದಿಲ್ಲದೆ ನಕ್ಕಳು. ಕೊನೆಗೆ ಆರತಿ ಹಾಡು ಬಂತು. ಕಮಲಾಕರ ಉಸಿರು ಬಿಗಿಹಿಡಿದು ಅವಳ ಕೈ ನೋಡುತ್ತ ಕುಳಿತ. ಹಾಡು ಮುಗಿಯಿತು, ಕೈಗಳು ಕೂಡಿದವು, ಕಣ್ಣಿಗೆ ತಾಗಿದವು. ಅದರ ಮರುಕ್ಷಣವೇ ಪೆಟ್ಟಿಗೆ ಟಕ್ಕೆಂದು ನಿಂತಿತು.

“ಪೂರ್ತಿ ಇದ್ದು. ಸಾಕು ಬಿಡಿ,” ಎಂದಳು.

ಸಾಕಾಗಬೇಕಿತ್ತು. ಆದರೆ ಕಮಲಾಕರನ ತಲೆಯಲ್ಲಿ ಅಂಕಿ ಕೂತಿತ್ತು. ಅಲ್ಲಿ ಇದ್ದಷ್ಟು ಇಲ್ಲಿ ಬಂದಿಲ್ಲ. ಅವಳು ಬೇಡವೆಂದು ತಲೆ ಆಡಿಸಿದಳು. ಹಾಡು ಮುಗಿದ ಮೇಲೆ ಇನ್ನೇನು ಇರುತ್ತದೆ, ಬರೀ ಖಾಲಿ ಎಂದಳು. ಎರಡು ಸಲ ಹೇಳಿದಳು. ಅವಳು ಎರಡು ಸಲ ಹೇಳುವುದೆಂದರೆ ಈಗ ಗುಡ್ಡ ಹತ್ತಿ ಇಳಿದಷ್ಟು ಆಯಾಸ.

“ಸಾರಿಗೆ ಉಪ್ಪೂ ಚೂರೇ ಹಾಕದು. ಬಿಟ್ಟು ನೋಡು,” ಎಂದ ಕಮಲಾಕರ. ಆಮೇಲೆ ದನಿ ತಗ್ಗಿಸಿ, “ಆ ಚೂರು ನಂಗೆ ಬೇಕು,” ಎಂದ.

ಖಾಲಿಯಾದರೂ ಆಗಲಿ, ಅವಳು ಉಸಿರು ಎಳೆದುಕೊಂಡ ಸದ್ದಾದರೂ ಇದ್ದೀತು ಎಂದು ಅವನ ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮರುದಿನವೇ ತಿಂಗಳ ಕೊನೆ. ಯಲ್ಲಾಪುರಕ್ಕೆ ಹೋಗಿ ನೋಡಿದರೆ ಹೆದ್ದಾರಿ ಅಗೆಯುವವರು ಕೇಬಲ್ಲಿಗೆ ಹಾರೆ ಹಾಕಿದ್ದರು. ವಿಘ್ನೇಶ್ವರನ ಅಂಗಡಿಯಲ್ಲಿ ನೆಟ್ ಇಲ್ಲ. ಊರಿನ ಆಚೆ ತುದಿಯ ಕಲ್ಯಾಣ ಮಂಟಪಕ್ಕೆ ಬೇರೆ ಕೇಬಲ್, ಅಲ್ಲಿ ಕ್ಯಾಮೆರಾ ಜೋಡಿಸಿದ್ದು ತಾನೇ ಎಂದು ವಿಘ್ನೇಶ್ವರ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ, ಭಾವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಆ ಬೈಕು ಓಡಿದ ವೇಗಕ್ಕೆ ದಾರಿಬದಿಯ ಮರಗಳು ಸೀನಿದವು.

ಮಂಟಪದಲ್ಲಿ ಮದುವೆ. ಅಡಿಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ಆರತಿ ಹಾಡಿನ ಮೇಲೆ ಒತ್ತಿದರು. ಹಾಡು ಎಷ್ಟು ಇಳಿಯಿತೆಂದು ತೋರಿಸುವ ಗೆರೆ ತೆವಳತೊಡಗಿತು. ಗಸಗಸೆ ಲೆಕ್ಕ ಮಾಡುತ್ತ ಬರುವ ಇರುವೆಯೂ ಅದಕ್ಕಿಂತ ಬೇಗ ನಡೆದೀತು. ಒಮ್ಮೆ ಅರ್ಧಕ್ಕೆ ಕಡಿಯಿತು. ಮತ್ತೆ ಮೊದಲಿನಿಂದ ಒತ್ತಿದರು.

ಅಷ್ಟರಲ್ಲಿ ಒಳಗೆ ಹೆಂಗಸರು ಆರತಿ ಎತ್ತಿದರು. ಹಾಡಿನ ಮೊದಲ ಸಾಲು ಕೇಳಿದ್ದೇ ತಡ, ಕಮಲಾಕರನ ಕಾಲುಗಳು ತಾವಾಗಿ ಎದ್ದು ನಿಂತವು, ಕೈ ಸೊಂಟದ ಪಂಚೆ ಬಿಗಿಯಿತು. ವಿಘ್ನೇಶ್ವರ ತೋಳು ಹಿಡಿದು ಕೂರಿಸಿದ. ಕೂತು, ಜೀವಮಾನದಲ್ಲಿ ಮೊದಲ ಬಾರಿಗೆ, ಮದುವೆ ಮನೆಯ ಆರತಿ ಹಾಡನ್ನು ಕೊನೆತನಕ ಕೇಳಿದ. ಮುಗಿದದ್ದೂ ಗೊತ್ತಾಯಿತು, ಈಗ ಅವನಿಗೆ ಮುಗಿಯುವುದೆಂದರೆ ಹೇಗೆ ಎಂದು ಗೊತ್ತಿತ್ತು. ಆದರೆ ಹಾಡು ಮುಗಿದರೂ ಪಾಯಸ ಏಳಲಿಲ್ಲ. ಕೊಪ್ಪರಿಗೆ ಇನ್ನೂ ಬೆಂಕಿಯ ಮೇಲೆಯೇ ಇತ್ತು, ಅಡಿಗೆಯವನು ಸಟ್ಟುಗ ತಿರುಗಿಸುತ್ತಲೇ ಇದ್ದ. ಪಂಕ್ತಿಯಲ್ಲಿ ಜನ ಎಲೆಗೆ ನೀರು ಚಿಮುಕಿಸಿ ಒರೆಸಿ, ಮತ್ತೆ ಚಿಮುಕಿಸಿ ಒರೆಸಿ ಕುಳಿತಿದ್ದರು. ಬೀಗರ ಕಡೆಯ ಒಬ್ಬರು ಕೆಮ್ಮಿದರು.

ಕಮಲಾಕರನಿಗೆ ಮೈಯೆಲ್ಲ ಉರಿಯಿತು. ಇದೆಂಥ ಅಡಿಗೆ, ಇದೆಂಥ ಅಂದಾಜು ಎಂದು ವಿಘ್ನೇಶ್ವರನ ಕಿವಿಯಲ್ಲಿ ಗೊಣಗಿದ. ತನ್ನ ಕೈಯಲ್ಲಿ ಹೀಗೆ ಒಂದೇ ಒಂದು ದಿನ ಆಗಿದ್ದರೆ ಮೀಸೆ ಬೋಳಿಸುತ್ತಿದ್ದೆ ಎಂದ. ಅವನಿಗೆ ಮೀಸೆ ಇರಲಿಲ್ಲ. ವಿಘ್ನೇಶ್ವರ ಗೆರೆಯಿಂದ ಕಣ್ಣು ಕೀಳದೆ ಹೂಂಗುಟ್ಟಿದ. ಗೆರೆ ಕೊನೆಯ ಚೂರಿಗೆ ಬಂದಿತ್ತು, ಪ್ರತಿ ಸಲ ಕಡಿಯುವ ಜಾಗ. ಇಬ್ಬರೂ ಪರದೆಯ ಮೇಲೆ ಬಗ್ಗಿದರು. ಗೆರೆ ಅಲ್ಲಿ ನಿಂತು, ಯೋಚಿಸಿ, ದಾಟಿತು.

ಒಬ್ಬ ಅಲ್ಲಿಯ ಅಂಕಿ ಓದಿದ, ಒಬ್ಬ ಇಲ್ಲಿಯದು. ಕೊನೆಯ ಅಂಕಿಯವರೆಗೂ ಕೂಡಿತು. ಕಮಲಾಕರ ಮತ್ತೊಮ್ಮೆ ಓದಿಸಿದ. ಕೂಡಿತು. ಅವನು ಲ್ಯಾಪ್‌ಟಾಪಿಗೆ ಕೈ ಮುಗಿದು ಕಣ್ಣಿಗೆ ಒತ್ತಿಕೊಂಡ. ಒಳಗೆ ಪಾಯಸ ಅಂತೂ ಎದ್ದಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆ. ಸೀತಮ್ಮ ಜಗಲಿಯಲ್ಲಿ ಕಾಳುಮೆಣಸು ಆರಿಸುತ್ತಿದ್ದಳು. ಅವನು ಪೆಟ್ಟಿಗೆಯನ್ನು ಅಲ್ಲಿಗೇ ತಂದ. ಮತ್ತೆ ಅದೇ ಹಾಡು, ಅವಳ ಕೈ ಕೆಲಸ ನಿಲ್ಲಿಸಲಿಲ್ಲ. ಆದರೆ ಹಾಡು ಕೊನೆಗೆ ಬರುತ್ತಿದ್ದಂತೆ ಅವಳು ಮೊರ ಪಕ್ಕಕ್ಕಿಟ್ಟಳು. ಕೈ ಮುಗಿದಳು. ಮುಗಿದ ಕೈಯನ್ನು ಇಳಿಸಿ ಸೀದಾ ಪೆಟ್ಟಿಗೆಯ ಗುಂಡಿಯ ಕಡೆ ಚಾಚಿದಳು.

ಕೆಂಪು ಅಂಕಿಗಳು ಇನ್ನೂ ಓಡುತ್ತಿದ್ದವು. ಕಮಲಾಕರ ಆ ಕೈ ಹಿಡಿದುಕೊಂಡ.

ಬಳೆಯ ಸದ್ದು. ಯಾರೋ ನೀರು ಕುಡಿದ ಸದ್ದು. ಬಳಗದಿಂದ ಬಂದಿದ್ದ ಹೆಂಗಸಿನ ದನಿ ಕೇಳಿತು. “ಹೇರೂರಿನ ಮದುವೆಯಲ್ಲಿ ಕೇಳಿದಾಗ ಈ ಹಾಡು ಇನ್ನೂ ಉದ್ದ ಇತ್ತಲ್ಲ ಸೀತಮ್ಮನವರೇ?”

ವೆಂಕಮ್ಮ ನಕ್ಕಳು. ಎರಡು ಮನೆ ಆಚೆಗೂ ಕೇಳುತ್ತಿದ್ದ ಅದೇ ನಗು. “ಅದು ಪಾಯಸದ ನುಡಿ. ಹಾಡಿನಲ್ಲಿ ಇಪ್ಪದಲ್ಲ, ಈ ಸೀತಮ್ಮನೇ ಕಟ್ಟಿದ್ದು. ಇದರ ಗಂಡನ ಪಾಯಸ ಇಳಿಯ ತನಕ ಇದು ಹಾಡು ಇಳಸ್ತಿಲ್ಲೆ.”

“ಸುಮ್ನಿರೇ ವೆಂಕಮ್ಮ.”

ಸೀತಮ್ಮನ ದನಿ. ಹಾಡಿನ ದನಿಯಲ್ಲ, ಮಾತಿನ ದನಿ. ತುಸು ಒಡೆದ, ತುಸು ಬೆಚ್ಚಗಿನ, ದಣಪೆ ದಾಟುವಾಗ ಒಳಗಿನಿಂದ ಬರುತ್ತಿದ್ದ ದನಿ. ಕಮಲಾಕರ ಹಿಡಿದ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದ.

“ಕೊಪ್ಪರಿಗೆ ತಳಕ್ಕೆ ಸಟ್ಟುಗ ತಾಗೋ ಸದ್ದು ಒಳಗೆ ಕೇಳ್ತು,” ಎನ್ನುತ್ತಿದ್ದಳು ಪೆಟ್ಟಿಗೆಯೊಳಗಿನ ಸೀತಮ್ಮ. “ಅದು ನಿಲ್ಲ ತನಕ ಆನು ಒಂದೊಂದು ನುಡಿ ಕಟ್ತೆ. ಅರಿಶಿನದ ಬಟ್ಟಲಿಗೆ ಒಂದು, ಕುಂಕುಮದ ಭರಣಿಗೆ ಒಂದು, ಮದುಮಗಳ ಕಾಲುಂಗುರಕ್ಕೆ ಒಂದು. ಸದ್ದು ನಿಂತ್ರೆ ಕೈ ಮುಗಿತೆ. ನಮ್ಮನೆಯವು ಊರೆಲ್ಲ ಹೇಳ್ಕ್ಯಂಡು ತಿರುಗ್ತ, ನನ್ನ ಪಾಯಸ ಒಂದಿನ ತಡ ಆಜಿಲ್ಲೆ ಹೇಳಿ. ತಿರುಗ್ಲಿ, ಪಾಪ. ನೀವು ಅವಕ್ಕೆ ಹೇಳಡಿ, ಗೊತ್ತಪ್ಪದು ಬೇಡ.”

ಮೂವರೂ ನಕ್ಕರು. ನಗುವಿನ ನಡುವೆ ರೆಕಾರ್ಡರು ಇನ್ನೂ ಓಡುತ್ತಿದೆ ಎಂದು ಯಾರೋ ಹೇಳಿದರು. ಟಕ್ಕೆಂದು ನಿಂತಿತು. ಈ ಸಲ ಅದು ಮುಗಿದೇ ನಿಂತದ್ದು.

ಸೀತಮ್ಮ ಗಂಡನ ಮುಖ ನೋಡಲಾರದೆ ಮೊರದ ಮೆಣಸು ನೋಡಿದಳು. ಅವಳ ಕಿವಿ ಕೆಂಪಾಗಿತ್ತು. ಸಾಕು ಬಿಡಿ ಎಂದು ಅವಳು ಎರಡೆರಡು ಸಲ ಹೇಳಿದ್ದು ಯಾಕೆಂದು ಈಗ ಕಮಲಾಕರನಿಗೆ ಹೊಳೆಯಿತು. ಆಗಷ್ಟೇ ಬಿಟ್ಟು ಬಂದ ಮಂಟಪ ಕಣ್ಣೆದುರು ಬಂತು. ಮುಗಿದುಹೋದ ಹಾಡು, ಒರೆಸಿದ ಎಲೆ, ಬೀಗರ ಕೆಮ್ಮು. ಆ ಅಡಿಗೆಯವನ ಅಂದಾಜೇನೂ ಕೆಟ್ಟಿರಲಿಲ್ಲ ಪಾಪ. ಒಳಗೆ ಅವನಿಗಾಗಿ ಕಾಲುಂಗುರಕ್ಕೊಂದು ನುಡಿ ಕಟ್ಟುವವರು ಇರಲಿಲ್ಲ, ಅಷ್ಟೇ.

ಎಷ್ಟು ಮದುವೆಗಳು. ಹಸಿ ಸೌದೆ ಹೊಗೆಯಾಡಿದ ದಿನ, ಬೆಲ್ಲ ಕರಗದ ದಿನ, ಹಾಲು ತಡವಾಗಿ ಬಂದ ದಿನ. ಅಂದೆಲ್ಲ ಹಾಡು ಎಷ್ಟು ಉದ್ದ ಹೋಗಿರಬೇಕು. ಕಮಲಾಕರ ಪೆಟ್ಟಿಗೆಯನ್ನೇ ನೋಡುತ್ತ ಕುಳಿತ.

“ಸಿಟ್ಟು ಬಂತಾ?” ಎಂದಳು ಸೀತಮ್ಮ ಗಾಳಿಮಾತಿನಲ್ಲಿ.

ಅವನು ಇಲ್ಲವೆಂದು ತಲೆ ಆಡಿಸಿ, ಪೆಟ್ಟಿಗೆಯ ಗುಂಡಿ ಒತ್ತಿ, ಹಾಡನ್ನು ಓಡಿಸಿ ಓಡಿಸಿ, ಆ ಕೊನೆಯ ಚೂರನ್ನು ಮತ್ತೊಮ್ಮೆ ಹಚ್ಚಿದ. ಸುಮ್ನಿರೇ ವೆಂಕಮ್ಮ ಎಂಬಲ್ಲಿ ನಿಲ್ಲಿಸಿದ. ಹಿಂದಕ್ಕೆ ಹೋಗಿ ಮತ್ತೆ ಕೇಳಿದ. ಇನ್ನೊಮ್ಮೆ ಕೇಳಿದ. ಕೊನೆಗೆ ಎದ್ದು ಅಡಿಗೆಮನೆಗೆ ಹೋದ.

ಒಳಗೆ ಪಾತ್ರೆ ಸದ್ದಾಯಿತು. ಗಸಗಸೆ ಹುರಿದ ಪರಿಮಳ ಬಂತು, ಕಾಯಿ ತುರಿಯುವ ಸದ್ದು, ಬೆಲ್ಲ ಜಜ್ಜುವ ಸದ್ದು. ಇಬ್ಬರ ಮನೆಗೆ ಎಷ್ಟು ಬೇಕೋ ಅಷ್ಟೇ ಚಿಕ್ಕ ಪಾತ್ರೆ. ಅಂಥ ಪಾತ್ರೆಯಲ್ಲಿ ಪಾಯಸ ಮಾಡಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಬೆಲ್ಲ ಕರಗಲು ಹೊತ್ತು ಹಿಡಿಯಿತು. ತಳ ಹಿಡಿಯಬಾರದೆಂದು ಸಟ್ಟುಗ ತಿರುಗಿಸುತ್ತಲೇ ಇದ್ದ.

ಸೀತಮ್ಮ ಬಂದು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಸ್ವಲ್ಪ ಹೊತ್ತು ಸುಮ್ಮನೆ ಸಟ್ಟುಗದ ಸದ್ದು ಕೇಳಿದಳು. ಆಮೇಲೆ ಬಾಗಿಲ ಚೌಕಟ್ಟಿನ ಮೇಲೆ ಬೆರಳಿಂದ ಮೆಲ್ಲಗೆ ತಾಳ ಹಾಕತೊಡಗಿದಳು. ಆರತಿ ಹಾಡಿನ ತಾಳ. ತುಟಿ ಅಲುಗುತ್ತಿತ್ತು. ಕಮಲಾಕರ ತಿರುಗಿ ನೋಡಲಿಲ್ಲ. ನೋಡದೆಯೂ ಅವನಿಗೆ ತಿಳಿಯಿತು, ಒಂದು ನುಡಿ ಮುಗಿಯಿತು, ಇನ್ನೊಂದು ಹಿಡಿಯಿತು, ಅದು ಮುಗಿದು ಮತ್ತೊಂದು.

ಅವನು ಆತುರಪಡಲಿಲ್ಲ. ಏಲಕ್ಕಿ ಪುಡಿ ಹಾಕಿ ಪಾತ್ರೆ ಕೆಳಗಿಳಿಸುವವರೆಗೂ ಆ ಬೆರಳು ನಿಲ್ಲಲಿಲ್ಲ.